ಒತ್ತೆ ಇಟ್ಟ ಉಗುರು

ಚರ್ಮರೋಗದ ಪಾಠ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ಮೇಡಂ, ನಿಮ್ಮ ಕಾಲದಲ್ಲಿ ಔಷಧವೇ ಇರಲಿಲ್ಲವಲ್ಲ, ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಔಷಧ ಇತ್ತಪ್ಪ, ಚೆನ್ನಾಗಿಯೇ ಇತ್ತು. ಅದನ್ನು ರೋಗಿಯ ಮೈಗೆ ಹತ್ತಿಸುವುದು ಕಷ್ಟವಿತ್ತು. ಆ ಕಷ್ಟ ಈಗಲೂ ಹಾಗೇ ಇದೆ, ನಿಮಗೆ ಇನ್ನೂ ಎದುರಾಗಿಲ್ಲ ಅಷ್ಟೆ.

ಅದಕ್ಕೇ ಉಗುರಿನ ಬಗ್ಗೆ ಬರೆಯುತ್ತಿದ್ದೇನೆ. ಉಗುರು ಎಂದರೆ ನೀವು ನಗುತ್ತೀರಿ. ಉಗುರಿನಿಂದ ಯಾರೂ ಸಾಯುವುದಿಲ್ಲ, ಒಪ್ಪಿದೆ. ಆದರೆ ಬಲಗೈಯ ಕೆಟ್ಟ ಉಗುರುಗಳಿಂದಾಗಿ ಒಬ್ಬ ಹೆಂಗಸು ಗಂಡ, ಮನೆ, ಮಡಿಲಿನ ಕೂಸು ಎಲ್ಲವನ್ನೂ ಕಳೆದುಕೊಳ್ಳುವ ಅಂಚಿಗೆ ಬಂದಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಕಿರಾಣಿ ವ್ಯಾಪಾರಿಗಳ ಮನೆಯಿಂದ ಡಾಕ್ಟರಾದ ಮೊದಲ ಹುಡುಗಿ ನಾನು. ಹೆರಿಗೆ ಡಾಕ್ಟರಾಗುತ್ತಾಳೆ ಎಂದುಕೊಂಡಿದ್ದ ನಮ್ಮವ್ವ, ಚರ್ಮದ ವಿಭಾಗ ಸೇರಿದೆ ಎಂದು ಕೇಳಿ ಹಣೆ ಚಚ್ಚಿಕೊಂಡಳು. ಅವಳದೂ ತಪ್ಪಲ್ಲ. ನಮ್ಮ ವಿಭಾಗದ ಬಾಗಿಲ ಮೇಲೆ ಚರ್ಮದ ಜೊತೆ ಕುಷ್ಠ ಎಂದೂ ಬರೆದಿತ್ತು. ಆ ಹಲಗೆಯ ಕೆಳಗೆ ಹಾದು ಹೋದವರನ್ನು ಯಾರಾದರೂ ಕಂಡರೆ ಸಾಕು, ಊರು ತಲುಪುವುದರೊಳಗೆ ಸುದ್ದಿ ತಲುಪಿರುತ್ತಿತ್ತು. ಕಾಲಿನ ಆಣಿ ತೋರಿಸಲು ಬಂದವರೂ ತಲೆಯ ಮೇಲೆ ಸೆರಗು ಎಳೆದುಕೊಂಡೇ ಬರುತ್ತಿದ್ದರು.

ನಮ್ಮ ಮೇಲಿನವರು ಕುಲಕರ್ಣಿ ಸರ್. ಅವರು ಮರಾಠಿ, ನಾನು ಕನ್ನಡ. ಇಬ್ಬರೂ ಎರಡನ್ನೂ ಕಲಸಿ ಆಡುತ್ತಿದ್ದೆವು. ಅವರ ಬಾಯಲ್ಲಿ ಹೊಗಳಿಕೆ ಬಂದದ್ದನ್ನು ನಾನು ಕೇಳಲೇ ಇಲ್ಲ. ಸೇರಿದ ಹೊಸತರಲ್ಲಿ ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಎಳೆಯೊಂದನ್ನು ಕಂಡು, ಸರ್, ಬುರಶಿ ಸಿಕ್ಕಿತು ಎಂದು ಕೂಗಿದ್ದೆ. ಬೂಜಿಗೆ ನಮ್ಮ ಕಡೆ ಬುರಶಿ ಎಂದೇ ಹೇಳುತ್ತೇವೆ. ಸರ್ ಬಂದು ಇಣುಕಿ ನೋಡಿ, ಇದು ನಿನ್ನ ಸೆರಗಿನ ನೂಲು, ಇದಕ್ಕೆ ಯಾವ ಗುಳಿಗೆ ಕೊಡುತ್ತೀ ಎಂದರು. ವಿಭಾಗವೆಲ್ಲ ನಕ್ಕಿತು. ನಾನು ಆ ದಿನ ಊಟ ಮಾಡಲಿಲ್ಲ. ಆದರೆ ಅಂದಿನಿಂದ ನೂಲು ಯಾವುದು, ಬುರಶಿಯ ಎಳೆ ಯಾವುದು ಎಂಬುದು ಕಣ್ಣಿಗೆ ಕೂತುಬಿಟ್ಟಿತು. ಬುರಶಿಯ ಎಳೆ ಗಣ್ಣುಗಣ್ಣಾಗಿರುತ್ತದೆ, ನಡುನಡುವೆ ಕವಲೊಡೆಯುತ್ತದೆ. ನೂಲು ಕವಲೊಡೆಯುವುದಿಲ್ಲ.

ಇನ್ನೊಂದು ಪಾಠ ಒಬ್ಬ ಗಿರಣಿ ಕೆಲಸಗಾರನಿಂದ ಸಿಕ್ಕಿತು. ಬುರಶಿ ಹತ್ತಿದೆ ಎಂದು ಹೊರಗಡೆ ಯಾರೋ ಅವನ ಕಾಲಿನ ಹೆಬ್ಬೆರಳ ಉಗುರನ್ನು ಕಿತ್ತಿದ್ದರು. ಹುಟ್ಟಿದ ಹೊಸ ಉಗುರೂ ಹಾಗೇ ದಪ್ಪಗೆ, ಹಳದಿಯಾಗಿ ಬಂದಿತ್ತು. ಮತ್ತೆ ಕಿತ್ತಿದ್ದರು. ಉಗುರು ಕೀಳುವುದೆಂದರೆ ಏನು ಎಂದು ಕೀಳಿಸಿಕೊಂಡವರಿಗೇ ಗೊತ್ತು. ಕುಲಕರ್ಣಿ ಸರ್ ಅವನ ಕಾಲು ನೋಡಲೇ ಇಲ್ಲ, ಅಂಗಿಯ ತೋಳು ಮೇಲೆತ್ತಿ ಮೊಣಕೈ ನೋಡಿದರು. ಅಲ್ಲಿ ಬೆಳ್ಳಿಯಂಥ ಹೊಟ್ಟು ಏಳುತ್ತಿತ್ತು. ಅವನಿಗಿದ್ದದ್ದು ಸೋರಿಯಾಸಿಸ್. ಉಗುರು ನೋಡಿದ ಕೂಡಲೇ ಹೇಳುವವನು ಜ್ಯೋತಿಷಿ, ಡಾಕ್ಟರಾದವನು ಪರೀಕ್ಷೆ ಮಾಡಿ ಹೇಳಬೇಕು ಎಂದು ಸರ್ ಆಗ ಅಂದದ್ದು. ಕೆಟ್ಟ ಉಗುರೆಲ್ಲ ಬುರಶಿಯದಲ್ಲ. ಈಗಿನವರು ಫೋಟೋ ನೋಡಿ ಗುಳಿಗೆ ಬರೆಯುವುದನ್ನು ಕಂಡಾಗ ನನಗೆ ಆ ಗಿರಣಿಯವನ ಹೆಬ್ಬೆರಳು ಕಣ್ಣ ಮುಂದೆ ಬರುತ್ತದೆ.

ಬುರಶಿ ಬರುವುದಾದರೂ ಎಲ್ಲಿಂದ? ದಿನವಿಡೀ ಮುಸುರೆ ತಿಕ್ಕುವ ಹೆಂಗಸರಿಗೆ ಉಗುರಿನ ಬುಡದ ಸಿಪ್ಪೆ ನೆನೆದು ಸಡಿಲಾಗಿ ಅಲ್ಲಿ ಒಂದು ಜಾತಿಯದು ಹೊಗುತ್ತದೆ. ಬುಡ ಊದಿ ಕೀವು ಬರುತ್ತದೆ. ಅದಕ್ಕೆ ನೇರಳೆ ಬಣ್ಣದ ಔಷಧ ಹಚ್ಚಿ, ಕೈ ಒಣಗಿಸಿಟ್ಟುಕೊಳ್ಳಿ ಎನ್ನುತ್ತಿದ್ದೆವು. ಹಾಗೆಂದರೆ ಅವರು ನಮ್ಮ ಮುಖವನ್ನೇ ನೋಡುತ್ತಿದ್ದರು. ಮನೆ ತುಂಬ ಪಾತ್ರೆ ಇರುವವಳು ಕೈ ಎಲ್ಲಿ ಒಣಗಿಸಬೇಕು? ಇನ್ನೊಂದು ಜಾತಿ ಗಜಕರ್ಣದ್ದು. ಸೊಂಟದಲ್ಲೋ ತೊಡೆಸಂದಿಯಲ್ಲೋ ಗಜಕರ್ಣ ಇರುತ್ತದೆ, ತುರಿಸಿಕೊಂಡ ಕೈಯ ಉಗುರಿನೊಳಗೆ ಅದು ಸೇರಿಕೊಳ್ಳುತ್ತದೆ. ಇಂದ್ರಾಬಾಯಿಯದು ಈ ಎರಡನೆಯ ಜಾತಿ.

ಆಗ ನಮ್ಮ ವಿಭಾಗದಿಂದ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗಿ ರೋಗಿಗಳನ್ನು ನೋಡುವುದಿತ್ತು. ಪೇಟೆಯ ಹಳೆಯ ವಾಡೆಯೊಂದರ ಹೊರಗಿನ ಕೋಣೆ ನಮ್ಮ ದವಾಖಾನೆ. ಸೂಕ್ಷ್ಮದರ್ಶಕವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ಹೋಗುತ್ತಿದ್ದೆ. ಬಸ್ಸಿನ ಟಪ್ಪಿನ ಮೇಲೆ ಹಾಕ್ರಿ ಎನ್ನುವ ಕಂಡಕ್ಟರನ ಜೊತೆ ಪ್ರತಿ ವಾರ ಜಗಳ. ಆ ಯಂತ್ರಕ್ಕೆ ಕರೆಂಟು ಬೇಕಿರಲಿಲ್ಲ. ಕೆಳಗೊಂದು ಸಣ್ಣ ಕನ್ನಡಿ, ಅದಕ್ಕೆ ಕಿಟಕಿಯ ಬಿಸಿಲು ಹಿಡಿಸಿದರೆ ಆಯಿತು. ಮೋಡ ಬಂದರೆ ನಾನೂ ಕುರುಡಿ, ಅದೂ ಕುರುಡು.

ದಸರೆ ಮುಗಿದ ಮೇಲಿನ ಒಂದು ವಾರ ಮೈಂದರ್ಗಿ ಕಡೆಯ ಒಂದು ಒಕ್ಕಲುತನದ ಮನೆಯವರು ಬಂದರು. ಮುಂದೆ ಅತ್ತೆ ಬಸಲಿಂಗವ್ವ, ಬಾಗಿಲ ಹೊರಗೆ ಮಗ ಚನ್ನಮಲ್ಲ, ನಡುವೆ ಸೊಸೆ ಇಂದ್ರಾಬಾಯಿ. ಸೊಸೆಯ ಬಲಗೈ ಸೆರಗಿನೊಳಗೆ ಇತ್ತು. ತೋರಿಸು ಎಂದರೆ ಮೊದಲು ಅತ್ತೆಯ ಮುಖ ನೋಡಿದಳು. ಮೂರು ಉಗುರು ದಪ್ಪಗಾಗಿ, ಕಪ್ಪು ಹಳದಿ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಹಳೇ ಬೆಲ್ಲದ ಹಾಗೆ ಪುಡಿಯಾಗುತ್ತಿದ್ದವು.

ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟಳು. ಇವಳ ಕೈಯ ರೊಟ್ಟಿ ಮನೆಯಲ್ಲಿ ಯಾರೂ ತಿನ್ನುತ್ತಿಲ್ಲ. ದನದ ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟಿದ್ದಾರೆ. ಆಗಷ್ಟೇ ನಡೆಯಲು ಕಲಿತ ಗಂಡುಕೂಸನ್ನು ಇವಳಿಂದ ಬಿಡಿಸಿ ಎಮ್ಮೆ ಹಾಲಿಗೆ ಹಚ್ಚಿದ್ದಾರೆ. ಮಗನಿಗೆ ದುಧನಿಯಲ್ಲಿ ಇನ್ನೊಂದು ಹುಡುಗಿಯನ್ನು ನೋಡಿಯೂ ಇಟ್ಟಿದ್ದಾರೆ. ಇದನ್ನೆಲ್ಲ ಬಸಲಿಂಗವ್ವ ಸಿಟ್ಟಿನಿಂದ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ಕೊನೆಗೆ ನನ್ನ ಕಡೆ ಬಗ್ಗಿ, ಮೆಲ್ಲಗೆ ಕೇಳಿದಳು.

“ಅದು ಮಹಾರೋಗ ಹೌದೋ ಅಲ್ಲೋ, ಅಷ್ಟ ಹೇಳ್ರಿ ಡಾಕ್ಟರಬಾಯಿ. ಮುಂದಿಂದು ನಾವು ನೋಡ್ಕೋತೀವಿ.”

ಮುಂದಿನದು ಏನೆಂದು ನನಗೆ ಗೊತ್ತಿತ್ತು. ಮಹಾರೋಗ, ಅಂದರೆ ಕುಷ್ಠವಾದರೆ ಮುಟ್ಟಿದ್ದು ತಿಳಿಯುವುದಿಲ್ಲ, ನರ ದಪ್ಪಗಾಗುತ್ತದೆ. ಇಂದ್ರಾಬಾಯಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಕೈ, ಮುಖ, ಕಾಲು ಮುಟ್ಟಿದೆ. ಮುಟ್ಟಿದಲ್ಲೆಲ್ಲ ಬೆರಳಿಟ್ಟು ತೋರಿಸಿದಳು. ಸೂಜಿಯ ಮೊನೆಗೂ ಸರಿಯಾಗಿ ಹೇಳಿದಳು. ಮೊಣಕೈಯ ನರ ಮುಟ್ಟಿ ನೋಡಿದೆ, ದಪ್ಪಗಾಗಿರಲಿಲ್ಲ. ಅಲ್ಲ, ಮಹಾರೋಗ ಅಲ್ಲ ಎಂದೆ. ಇಂದ್ರಾಬಾಯಿ ಕಣ್ಣು ತೆರೆಯದೆಯೇ ಅಳತೊಡಗಿದಳು. ಬಸಲಿಂಗವ್ವನ ಮುಖ ಸಡಿಲಲಿಲ್ಲ. ಅದಲ್ಲದಿದ್ದರೆ ಇನ್ನೇನು, ಅದನ್ನು ತೋರಿಸಿ ಎಂದಳು. ನ್ಯಾಯವಾದ ಮಾತೇ. ನಾನು ಚಿಮಟಿಗೆ, ಬ್ಲೇಡು ತೆಗೆದು ಉಗುರಿನ ಚೂರು ಕತ್ತರಿಸಲು ಹೋದೆ.

ಆಗ ಬಸಲಿಂಗವ್ವ ನನ್ನ ಮಣಿಕಟ್ಟು ಹಿಡಿದಳು. ಹೊಲದಲ್ಲಿ ದುಡಿದ ಕೈ, ನನ್ನ ಬೆರಳುಗಳೇ ಬೆಳ್ಳಗಾದವು.

“ನಮ್ಮ ಮನಿ ಮಂದಿ ಉಗರ ಹೊರಗ ಕೊಡಂಗಿಲ್ಲ.”

ಸೊಲ್ಲಾಪುರದ ಪೇಟೆಯಲ್ಲಿ ಹುಟ್ಟಿದ ನನಗೂ ಇದು ಹೊಸದಲ್ಲ. ಮಾಟಕ್ಕೆ ನಮ್ಮ ಕಡೆ ಕರಣಿ ಎನ್ನುತ್ತಾರೆ. ಕರಣಿ ಮಾಡುವವರಿಗೆ ಬೇಕಾದದ್ದು ಕೂದಲು, ಉಗುರು. ನಮ್ಮವ್ವ ಕೂಡ ನಾವು ಕತ್ತರಿಸಿದ ಉಗುರನ್ನು ಕಾಗದದಲ್ಲಿ ಕಟ್ಟಿ ತಾನೇ ಹೂಳುತ್ತಿದ್ದಳು. ಆದರೆ ಉಗುರಿಲ್ಲದೆ ಉಗುರಿನ ರೋಗ ಪರೀಕ್ಷೆ ಮಾಡುವುದು ಹೇಗೆ? ಎಳೆದಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪರೀಕ್ಷೆ ಅವಳ ಕಣ್ಣೆದುರೇ ಆಗಬೇಕು, ಮುಗಿದ ಮೇಲೆ ಉಗುರನ್ನು ಅವಳಿಗೆ ವಾಪಸು ಕೊಡಬೇಕು. ನಾನು ಹೂಂ ಎಂದೆ. ಆ ಹೂಂ ಎಷ್ಟು ತುಟ್ಟಿಯದು ಎಂದು ಆಗ ಹೊಳೆಯಲಿಲ್ಲ.

ಉಗುರಿನ ತುದಿಯ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಮೇಲೆ ಒಂದು ಹನಿ ಪೊಟ್ಯಾಷ್ ಹಾಕಿ, ತೆಳು ಗಾಜು ಮುಚ್ಚಿ, ಸ್ಪಿರಿಟ್ ದೀಪದ ಮೇಲೆ ತುಸು ಬೆಚ್ಚಗೆ ಮಾಡಿದೆ. ಪೊಟ್ಯಾಷಿನ ಕೆಲಸವೇ ಉಗುರನ್ನು ಕರಗಿಸುವುದು. ಉಗುರು ಕರಗುತ್ತದೆ, ಬುರಶಿ ಕರಗುವುದಿಲ್ಲ, ಉಳಿದದ್ದು ಕಾಣುತ್ತದೆ. ಕಾದು, ಕನ್ನಡಿಗೆ ಬಿಸಿಲು ಹಿಡಿಸಿ ನೋಡಿದೆ. ಏನೂ ಇಲ್ಲ. ಪಟ್ಟಿಯನ್ನು ಆಚೆ ಈಚೆ ಸರಿಸಿ ನೋಡಿದೆ. ಕಸ, ಗುಳ್ಳೆ, ಮತ್ತೆ ಕಸ. ಹಿಂದಿನಿಂದ ಬಸಲಿಂಗವ್ವನ ಉಸಿರು ಕೇಳುತ್ತಿತ್ತು. ತಲೆ ಎತ್ತಿ, ಇವತ್ತು ಕಾಣುತ್ತಿಲ್ಲ, ಇನ್ನೊಮ್ಮೆ ತೆಗೆಯಬೇಕು ಎಂದೆ.

“ಆಗ್ಲಿ. ಮೊದಲ ಆ ಉಗರ ಕೊಡ್ರಿ.”

ಗಾಜಿನ ಮೇಲೆ ಉಗುರು ಎಲ್ಲಿದೆ? ಒಂದು ಹನಿ ಕಲಕು ನೀರಿತ್ತು. ಕರಗಿದೆ ಎಂದೆ. ಕಲ್ಲಿನಂಥ ಉಗುರು ನೀರಾಗುವುದನ್ನು ಅವಳು ಈವರೆಗೆ ಕಂಡಿರಲಿಲ್ಲ. ತನ್ನ ಕಣ್ಣೆದುರಿಗೇ ಸೊಸೆಯ ಉಗುರು ಮಾಯವಾಗಿದೆ, ದೀಪ ಹಚ್ಚಿ, ಕನ್ನಡಿ ತಿರುಗಿಸಿ, ಒಕ್ಕಣ್ಣಲ್ಲಿ ನೋಡುತ್ತ ಕೂತವಳು ನಾನು. ಕರಣಿಯವರು ಇದಕ್ಕಿಂತ ಬೇರೆ ಏನು ಮಾಡುತ್ತಾರೆ? ಅವಳು ಗಾಜಿನ ಪಟ್ಟಿಯನ್ನೇ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ಸೊಸೆಯ ರಟ್ಟೆ ಹಿಡಿದು ಹೊರಟಳು. ಬಾಗಿಲು ದಾಟುವಾಗ ಇಂದ್ರಾಬಾಯಿ ಒಮ್ಮೆ ತಿರುಗಿ ನೋಡಿದಳು. ಆ ನೋಟ ನನಗೆ ಎಷ್ಟೋ ದಿನ ಅನ್ನ ಸೇರಗೊಡಲಿಲ್ಲ.

ಸೊಲ್ಲಾಪುರಕ್ಕೆ ಬಂದು ಸರ್‌ಗೆ ಹೇಳಿದೆ. ಅವರು ಕರಣಿಯ ಮಾತನ್ನು ಬಿಟ್ಟು, ಉಗುರು ಎಲ್ಲಿಂದ ತೆಗೆದೆ ಎಂದು ಕೇಳಿದರು. ತುದಿಯಿಂದ ಎಂದೆ. ತುದಿಯಲ್ಲಿ ಸತ್ತ ಬುರಶಿಯೇ ಹೆಚ್ಚು, ಜೀವಂತ ಇರುವುದು ಒಳಗೆ, ಕೆಟ್ಟ ಉಗುರು ಒಳ್ಳೆಯ ಉಗುರಿಗೆ ತಾಗುವ ಕಡೆ. ಅಲ್ಲಿ ಕೆಳಗಿನಿಂದ ಕೆರೆದು ತೆಗೆ, ಗಟ್ಟಿ ಉಗುರಿಗೆ ಹೆಚ್ಚು ಹೊತ್ತು ಕಾಯಿ ಎಂದರು. ಈ ಮಾತನ್ನು ಬರೆದಿಟ್ಟುಕೊಳ್ಳಿ, ಮಕ್ಕಳೇ. ಇವತ್ತಿಗೂ ಅರ್ಧಕ್ಕರ್ಧ ಪರೀಕ್ಷೆ ಕೆಡುವುದು ಇದೇ ಕಾರಣಕ್ಕೆ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಚನ್ನಮಲ್ಲ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಯುಗಾದಿ ಮುಗಿದ ಕೂಡಲೇ ಹಿರಿಯರು ಕೂಡುತ್ತಾರೆ, ತವರೂರು ಮರವಡೆಯಿಂದ ಇಂದ್ರಾಬಾಯಿಯ ಅಣ್ಣನನ್ನು ಕರೆಸಿ ಅವಳನ್ನು ಕಳಿಸಿಬಿಡುತ್ತಾರೆ, ಕೂಸನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದ. ನಾನು ರೋಗ ಅದಲ್ಲ ಎಂದದ್ದನ್ನು ನೀನಾದರೂ ನಂಬಿದ್ದೀಯಾ ಎಂದು ಕೇಳಿದೆ. ನೆಲ ನೋಡುತ್ತ, ನನಗ ತಿಳಿವಲ್ದರಿ ಎಂದ. ಅವನನ್ನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ, ಮುಂದಿನ ಮೈಂದರ್ಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಅವರ ಮನೆಯ ಅಂಗಳ ದೊಡ್ಡದು. ನಾನು ಪೆಟ್ಟಿಗೆ ಹಿಡಿದು ಒಳಗೆ ಕಾಲಿಟ್ಟಾಗ ಇಂದ್ರಾಬಾಯಿ ಕೊಟ್ಟಿಗೆಯ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ಕೂಸು ಅಡುಗೆಮನೆಯಿಂದ ತಪ್ಪಿಸಿಕೊಂಡು, ತಟ್ಟಾಡುತ್ತ ಅವಳ ಕಡೆ ಹೊರಟಿತ್ತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಕೂಸು ಮಡಿಲಿಗೆ ಬೀಳುವಷ್ಟರಲ್ಲಿ ಬಸಲಿಂಗವ್ವ ಓಡಿಬಂದು ಎತ್ತಿಕೊಂಡಳು. ಕೂಸು ಕಿರುಚಿತು. ಇಂದ್ರಾಬಾಯಿ ಕೈ ಮುಂದೆ ತರಲೇ ಇಲ್ಲ.

ಬಸಲಿಂಗವ್ವ ನನ್ನನ್ನು ಕೂಡ್ರಿ ಎನ್ನಲಿಲ್ಲ. ಇನ್ನೊಮ್ಮೆ ಉಗುರು ಬೇಕು ಎಂದೆ. ಮೊದಲಿನದೇ ಬಂದಿಲ್ಲ ಎಂದಳು. ವಾದ ಮಾಡಿ ಉಪಯೋಗವಿಲ್ಲ ಎಂದು ಗೊತ್ತಾಯಿತು. ಪೆಟ್ಟಿಗೆಯಿಂದ ಕತ್ತರಿ ತೆಗೆದು ನನ್ನ ಎಡಗೈ ಕಿರುಬೆರಳಿನ ಉಗುರನ್ನು ಕಚಕ್ಕನೆ ಕತ್ತರಿಸಿ ಅವಳ ಅಂಗೈಯಲ್ಲಿಟ್ಟೆ. ಮೊದಲೇ ಯೋಚಿಸಿ ಮಾಡಿದ್ದಲ್ಲ, ಸಿಟ್ಟಿನಲ್ಲಿ ಮಾಡಿದ್ದು.

“ನನ್ನ ಉಗರ ನಿಮ್ಮ ಹಂತ್ಯಾಕ ಇರ್ಲಿ, ಅವ್ವಾರ. ನಿಮ್ಮ ಸೊಸಿಗಿ ನನ್ನಿಂದ ಏನರ ಕೆಟ್ಟದ್ದಾದ್ರ, ನೀವೂ ನನಗ ಏನ್ ಬೇಕಾದ್ದು ಮಾಡ್ರಿ.”

ಬಸಲಿಂಗವ್ವ ತನ್ನ ಅಂಗೈಯನ್ನೂ ನನ್ನ ಮುಖವನ್ನೂ ನೋಡಿದಳು. ಆಮೇಲೆ ಅದನ್ನು ಅರಿವೆಯ ಚೂರಿನಲ್ಲಿ ಕಟ್ಟಿ, ಒಳಗೆ ಹೋಗಿ ದೇವರ ಜಗಲಿಯ ಮೇಲಿಟ್ಟು ಬಂದಳು. ಬಂದು ಕಟ್ಟೆಯ ಮೇಲೆ ಕಂಬಳಿ ಹಾಸಿ, ಕೂಡ್ರಿ ಎಂದಳು.

ಕೊಟ್ಟಿಗೆಯ ಕೋಣೆಯಲ್ಲಿ ಇಂದ್ರಾಬಾಯಿಯ ಮೈ ನೋಡಿದೆ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಸುತ್ತ ಗಜಕರ್ಣ ಹಬ್ಬಿತ್ತು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ, ರಾತ್ರಿಯೆಲ್ಲ ತುರಿಸಿಕೊಳ್ಳುತ್ತಿದ್ದಳು. ಬುರಶಿ ಎಲ್ಲಿಂದ ಬಂತು ಎಂದು ಅಲ್ಲೇ ತಿಳಿಯಿತು. ಇದಕ್ಕೆ ಕೊಡುವ ಗುಳಿಗೆ ಬಸುರಿಯರಿಗೆ ಕೂಡದು, ಹಾಗಾಗಿ ತಿಂಗಳ ಲೆಕ್ಕ ಕೇಳಿದೆ. “ಅವರು ಈ ಕೋಣಿಗಿ ಬಂದ್ರ ತಾನ ಬಾಯಾರ” ಎಂದಳು. ಬಸುರಿಯಲ್ಲ ಎಂದು ಬರೆದುಕೊಂಡೆ.

ಈ ಸಲ ಉಗುರಿನ ಕೆಳಗೆ, ಒಳಗಿನ ಅಂಚಿನಿಂದ ಕೆರೆದೆ. ಪೊಟ್ಯಾಷ್ ಹಾಕಿ ಕಟ್ಟೆಯ ಮೇಲಿಟ್ಟು ಕಾದೆ. ಉಗುರು ಕರಗುತ್ತದೆ ಎಂದು ಈ ಸಲ ಮೊದಲೇ ಹೇಳಿದ್ದೆ. ಬಸಲಿಂಗವ್ವ ಅದು ಮೆತ್ತಗಾಗುವುದನ್ನು ಎವೆಯಿಕ್ಕದೆ ನೋಡಿದಳು. ಬಿಸಿಲು ಜಾರುತ್ತಿತ್ತು, ಅಂಗಳದ ನೆರಳು ಕಟ್ಟೆಯ ಕಡೆ ಸರಿಯುತ್ತಿತ್ತು. ಈಗಲೂ ಕಾಣದಿದ್ದರೆ ಈ ಮನೆಯ ಬಾಗಿಲು ನನಗೆ ಮತ್ತೆ ತೆರೆಯುವುದಿಲ್ಲ. ಕನ್ನಡಿ ತಿರುಗಿಸಿ ಕಣ್ಣಿಟ್ಟೆ. ಮಬ್ಬು. ತಿರುಪು ತಿರುಗಿಸಿದೆ. ಗಣ್ಣುಗಣ್ಣಾದ ಎಳೆಗಳು, ಕವಲೊಡೆದು, ಒಂದರ ಮೇಲೊಂದು ಹರಡಿಕೊಂಡಿದ್ದವು. ನನ್ನ ಸೆರಗಿನ ನೂಲಲ್ಲ ತಾನೇ ಎಂದು ಮತ್ತೆ ಮತ್ತೆ ನೋಡಿದೆ. ಅಲ್ಲ. ಬಸಲಿಂಗವ್ವನಿಗೂ ತೋರಿಸಿದೆ. ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿ, ಕರಕೀ ಬೇರು ಇದ್ದಂಗ ಅದ ಎಂದಳು. ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಏಳುವ ಹುಲ್ಲು ಅದು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನನ್ನ ಉಗುರಿನ ಸುದ್ದಿ ಹೇಳಿದಾಗ ನಮ್ಮ ಮನೆಯಲ್ಲಿ ರಣರಂಗವಾಯಿತು. ನಿನಗ ಕಲಿಸಿದ್ದು ಇದಕ್ಕೇನ ಎಂದು ಅವ್ವ ಉಪ್ಪು ಸಾಸಿವೆ ಇಳಿತೆಗೆದು ಒಲೆಗೆ ಹಾಕಿದಳು. ಅದೇ ವಾರ ನನಗೆ ಜ್ವರ ಬಂದದ್ದು ಇನ್ನೊಂದು ದುರ್ದೈವ. ಊರಿಗೆಲ್ಲ ಬಂದಿದ್ದ ಜ್ವರವೇ ಅದು. ಅವ್ವ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ನಾನು ನಗುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಜ್ವರ ಏರಿದಾಗ ಆ ಅರಿವೆಯ ಗಂಟು ನೆನಪಾಗುತ್ತಿತ್ತು.

ಎಳೆ ಕಂಡ ದಿನವೇ ಇಂದ್ರಾಬಾಯಿಗೆ ಗುಳಿಗೆ ಶುರು ಮಾಡಿದ್ದೆ. ಆಗ ನಮ್ಮಲ್ಲಿದ್ದದ್ದು ಗ್ರಿಸಿಯೋಫುಲ್ವಿನ್. ಅದು ಬುರಶಿಯನ್ನು ಕೊಲ್ಲುವುದಿಲ್ಲ, ಹೊಸದಾಗಿ ಹುಟ್ಟುವ ಉಗುರಿಗೆ ಬುರಶಿ ಹತ್ತದ ಹಾಗೆ ಕಾಯುತ್ತದೆ. ಹಳೆ ಉಗುರು ಬೆಳೆದು ಹೊರಗೆ ಹೋಗುವವರೆಗೆ ತಿಂಗಳುಗಟ್ಟಲೆ ನುಂಗಬೇಕು. ಈಗಿನ ಗುಳಿಗೆಗಳು ಕೆಲವು ವಾರಗಳಲ್ಲಿ ಕೆಲಸ ಮುಗಿಸುತ್ತವೆ, ನೀವು ಪುಣ್ಯವಂತರು. ಸೊಂಟಕ್ಕೆ ಮುಲಾಮು ಕೊಟ್ಟೆ, ಬಟ್ಟೆ ಬೇರೆ ಒಗೆದು ಬಿಸಿಲಲ್ಲಿ ಒಣಗಿಸು ಎಂದೆ. ಉಗುರಿನ ಮೇಲೆ, ಕೆಟ್ಟದ್ದು ಒಳ್ಳೆಯದು ಕೂಡುವ ಕಡೆ, ಅರದಿಂದ ಒಂದು ಸಣ್ಣ ಗೆರೆ ಕೊರೆದೆ. ಉಗುರು ಬೆಳೆದ ಹಾಗೆ ಗೆರೆ ಮುಂದೆ ಹೋಗುತ್ತದೆ. ಕಪ್ಪು ಭಾಗ ಗೆರೆಯ ಮುಂದೆಯೇ ಉಳಿದರೆ ಗೆದ್ದೆವು. ಗೆರೆ ದಾಟಿ ಹಿಂದಕ್ಕೆ, ಬುಡದ ಕಡೆ ಬಂದರೆ ಸೋತೆವು. ಇದನ್ನು ಬಸಲಿಂಗವ್ವನಿಗೂ ತಿಳಿಸಿ ಹೇಳಿದೆ.

ದೀಪಾವಳಿ ಕಳೆದು ಮೊದಲ ಸಲ ತೋರಿಸಲು ಬಂದರು. ಕಪ್ಪು ಭಾಗ ಗೆರೆಯನ್ನು ದಾಟಿ ಹಿಂದೆ ಬಂದಿತ್ತು. ತಡವಾಗುತ್ತದೆ, ಗುಳಿಗೆ ಬಿಡಬೇಡ ಎಂದೆ. ಮುಂದಿನ ಸಲ ಇನ್ನೂ ಒಳಗೆ ಬಂದಿತ್ತು. ಬಸಲಿಂಗವ್ವ ಗೆರೆಯ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಗುಳಿಗೆ ನಕಲಿಯೇ? ನಾನು ಕಂಡ ಎಳೆಗಳೇ ಸುಳ್ಳೇ? ಮೊಣಕೈಯ ನರವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ರಾತ್ರಿ ಪುಸ್ತಕ ತೆರೆದರೆ ಅಕ್ಷರ ಕಾಣದೆ ಆ ಗೆರೆಯೇ ಕಾಣುತ್ತಿತ್ತು.

ಸಂಕ್ರಾಂತಿಯ ವಾರ ಅವಳನ್ನು ನೋಡಿ ಗಾಬರಿಯಾದೆ. ಕೆನ್ನೆ ಒಳಗೆ ಹೋಗಿತ್ತು, ತುಟಿ ಬಿರಿದಿತ್ತು. ಭೋಗಿಯ ದಿನ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಕೂಡಿಸಿದ ಪಲ್ಯ ಇಲ್ಲದ ಮನೆ ಇಲ್ಲ. ಭೋಗಿ ದಿನ ಏನು ತಿಂದೆ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಬಿಳಿಜೋಳದ ರೊಟ್ಟಿ, ಉಪ್ಪಿಲ್ಲದ ಬೇಳೆ ಎಂದಳು. ಮತ್ತೆ ಬೆಣ್ಣೆ? ಪಥ್ಯ ಅದರಿ ಎಂದಳು. ಗುಳಿಗೆ ಶುರುವಾದ ದಿನದಿಂದ ಎಣ್ಣೆ, ತುಪ್ಪ, ಹಾಲು, ಶೇಂಗಾ ಏನನ್ನೂ ಮುಟ್ಟಿರಲಿಲ್ಲ. ಸೋಮವಾರ ಗುರುವಾರ ಉಪವಾಸ, ಅಂದು ಬರೀ ನೀರಲ್ಲಿ ಗುಳಿಗೆ. ಚರ್ಮದ ರೋಗಕ್ಕೆ ಜಿಡ್ಡು ಕೂಡದು ಎಂಬುದು ನಮ್ಮ ಕಡೆಯ ಪಥ್ಯ. ಆದರೆ ಈ ಗುಳಿಗೆಗೆ ಜಿಡ್ಡೇ ಬೇಕು. ಜಿಡ್ಡಿನ ಊಟದ ಜೊತೆ ನುಂಗಿದರೆ ಮಾತ್ರ ಅದು ಸರಿಯಾಗಿ ರಕ್ತಕ್ಕೆ ಸೇರುತ್ತದೆ, ಇಲ್ಲವಾದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಊಟದ ಜೊತೆ ತಗೋ ಎಂದು ನಾನು ಹೇಳಿದ್ದೆ. ಅವಳು ಒಣ ಊಟದ ಜೊತೆ ತಗೊಂಡಿದ್ದಳು. ಗುಣವಾಗಲಿ ಎಂದು ಆ ಹುಡುಗಿ ಹಟ ಹಿಡಿದು ಮಾಡಿದ ಪಥ್ಯವೇ ಅವಳ ಔಷಧವನ್ನು ತಿಂದುಹಾಕುತ್ತಿತ್ತು.

ನನ್ನ ತಲೆ ಕೆಟ್ಟಿತು. ಎಲ್ಲರೆದುರೇ ಬಸಲಿಂಗವ್ವನ ಮೇಲೆ ಕೂಗಾಡಿದೆ, ಸೊಸೆಯನ್ನು ಉಪವಾಸ ಕೆಡವಿ ಕೊಲ್ಲುತ್ತೀರೇನು ಎಂದೆ. ಅವಳು ಮುಖ ಗಂಟುಹಾಕಿಕೊಂಡು ಎದ್ದು ಹೋದಳು. ಸರ್‌ಗೆ ಹೇಳಿದಾಗ ಅವರು ಕನ್ನಡಕ ಒರೆಸುತ್ತ, ಆ ಮನೆಯಲ್ಲಿ ತುಪ್ಪದ ಗಡಿಗೆ ಯಾರ ಕೈಯಲ್ಲಿದೆ ಎಂದು ಕೇಳಿದರು. ಅತ್ತೆಯ ಕೈಯಲ್ಲಿ ಎಂದೆ. ಹಾಗಾದರೆ ನೀನು ಬೈದದ್ದು ಯಾರನ್ನು ಎಂದರು.

ಮರುದಿನವೇ ಮೈಂದರ್ಗಿಗೆ ಹೋದೆ. ಬಸಲಿಂಗವ್ವ ಬೀಸುಕಲ್ಲಿನ ಮುಂದೆ ಕೂತಿದ್ದಳು, ತಲೆ ಎತ್ತಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ್ದ ಮಾತನ್ನು ಆಡಿದೆ. ಪಥ್ಯ ಬಿಡಿ ಎನ್ನಲಿಲ್ಲ.

“ಅವ್ವಾರ, ಈ ಗುಳಿಗಿಗೂ ಪಥ್ಯ ಅದ. ನಾ ಬಿಡಿಸಿ ಹೇಳಿರ್ಲಿಲ್ಲ. ಗುಳಿಗಿ ತಗೊಂಡಾಗೊಮ್ಮಿ ತುಪ್ಪ, ಇಲ್ಲಾಂದ್ರ ಶೇಂಗಾ ಚಟ್ನಿ ಎಣ್ಣಿ ಬೇಕ ಬೇಕು. ಜಿಡ್ಡು ತಪ್ಪಿದ್ರ ಪಥ್ಯ ತಪ್ಪಿದಂಗ. ಇದನ್ನ ನಡೆಸೋರು ನೀವ.”

ಬೀಸುಕಲ್ಲು ನಿಂತಿತು. ಉಪವಾಸದ ದಿನಾ? ಎಂದಳು. ಆ ದಿನವೂ ಬೇಕು, ಉಪವಾಸಕ್ಕೆ ದೇವರು ಕಾಯುತ್ತಾನೆ, ಬುರಶಿ ಕಾಯುವುದಿಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಪಥ್ಯ ನಡೆಸುವುದರಲ್ಲಿ ಆ ಹೆಂಗಸಿನಂಥವರನ್ನು ನಾನು ಮತ್ತೆ ಕಾಣಲಿಲ್ಲ. ಸೊಸೆ ಸಾಕು ಎಂದರೂ ರೊಟ್ಟಿಯ ಮೇಲೆ ತುಪ್ಪ ಸುರಿದು, ಎದುರು ಕೂತು ಗುಳಿಗೆ ನುಂಗಿಸುತ್ತಿದ್ದಳಂತೆ.

ಹೊಸ ಗೆರೆ ಕೊರೆದೆ. ಮುಂದಿನ ಸಲ ಕಪ್ಪು ಭಾಗ ಗೆರೆಯನ್ನು ದಾಟಿರಲಿಲ್ಲ. ಅದರ ಮುಂದಿನ ಸಲ ಗೆರೆಯ ಹಿಂದೆ ಎಳೆಯ ಗುಲಾಬಿ ಬಣ್ಣದ ಉಗುರು ಕಂಡಿತು. ಆದರೆ ಉಗುರಿಗೆ ಅವಸರ ಗೊತ್ತಿಲ್ಲ, ಯುಗಾದಿ ಬಂದೇ ಬಿಟ್ಟಿತು.

ಹಿರಿಯರು ಅಕ್ಕಲಕೋಟೆಯ ನಮ್ಮ ಕೋಣೆಗೇ ಬಂದರು. ಪಟಕಾ ಸುತ್ತಿದವರು ನಾಲ್ಕಾರು ಮಂದಿ, ಮರವಡೆಯ ಅಣ್ಣ, ಗೋಡೆಗಾತು ನಿಂತ ಚನ್ನಮಲ್ಲ, ಬಸಲಿಂಗವ್ವನ ಸೊಂಟದ ಮೇಲೆ ಕೂಸು. ಇಂದ್ರಾಬಾಯಿಯ ಗಂಟುಮೂಟೆಯನ್ನೂ ಕಟ್ಟಿ ತಂದಿದ್ದರು. ಗುಣವಾಗಿದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಹಿರಿಯನೊಬ್ಬ ಕೇಳಿದ. ಗುಣವಾಗಿದೆ ಎಂದು ಹೇಳಿಬಿಡಲು ನಾಲಿಗೆ ತುರಿಸಿತು. ಆದರೆ ಉಗುರಿನ ಮುಂದಿನ ಅರ್ಧ ಇನ್ನೂ ಕಪ್ಪಾಗಿಯೇ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಅರ್ಧ ಆಗಿದೆ ಎಂದೆ. ಅರ್ಧ ಆಗುವ ರೋಗ ಎಲ್ಲಾದರೂ ಉಂಟೇ ಎಂದು ಅವನು ಅಣ್ಣನ ಕಡೆ ತಿರುಗಿದ. ಅಣ್ಣ ಗಂಟು ಎತ್ತಿಕೊಳ್ಳಲು ಬಗ್ಗಿದ.

ಬಸಲಿಂಗವ್ವ ಮುಂದೆ ಬಂದು ಸೊಸೆಯ ಬಲಗೈ ಹಿಡಿದು ಆ ಹಿರಿಯನ ಮೂಗಿನ ಮುಂದೆ ಚಾಚಿದಳು.

“ತುದಿ ಏನ್ ನೋಡ್ತೀರಿ, ಬುಡ ನೋಡ್ರಿ. ಗೆರಿ ಮುಂದ ಹೋಗ್ಯಾದ, ಕರಿದು ಹಿಂದ ಬಂದಿಲ್ಲ. ಹೊಲಾ ಮಾಡೋರು ನೀವು, ಬೇರು ಚಲೋ ಇದ್ದದ್ದು ಕಿತ್ತು ಒಗೀತೀರೇನು?”

ಅವಳು ಸೊಂಟದ ಮೇಲಿನ ಕೂಸನ್ನು ಇಳಿಸಿ ಇಂದ್ರಾಬಾಯಿಯ ಮಡಿಲಿಗೆ ಹಾಕಿದಳು. ಇಂದ್ರಾಬಾಯಿ ಅಭ್ಯಾಸ ಬಲದಿಂದ ಕೈ ಹಿಂದಕ್ಕೆ ಕಟ್ಟಿಕೊಂಡು ನನ್ನ ಮುಖ ನೋಡಿದಳು. ಎತ್ತಿಕೋ, ಏನೂ ಆಗುವುದಿಲ್ಲ, ಬೆರಳಿಗೆ ಪಟ್ಟಿ ಕಟ್ಟುತ್ತೇನೆ ಎಂದೆ. ಪಟ್ಟಿ ಕಟ್ಟುವಷ್ಟು ತಾಳ್ಮೆ ಅವಳಿಗೆಲ್ಲಿತ್ತು? ಕೂಸನ್ನು ಅಪ್ಪಿಕೊಂಡುಬಿಟ್ಟಳು. ಚನ್ನಮಲ್ಲ ಗೋಡೆ ಬಿಟ್ಟು ಬಂದು ಆ ಗಂಟನ್ನು ತಾನೇ ಎತ್ತಿಕೊಂಡ. ಅವನನ್ನು ಅಷ್ಟು ಬೈದದ್ದು ಸಾರ್ಥಕವಾಯಿತು ಎನ್ನಿಸಿತು.

ಶ್ರಾವಣದಲ್ಲಿ ಕೊನೆಯ ಕಪ್ಪು ಚೂರನ್ನು ಕತ್ತರಿಸಿದೆ. ಉಗುರುಗಳು ನಿಮ್ಮ ನನ್ನ ಉಗುರಿನ ಹಾಗೇ ಇದ್ದವು. ಬುಡದಿಂದ ಕೆರೆದು ಮತ್ತೊಮ್ಮೆ ಪೊಟ್ಯಾಷ್ ಹಾಕಿ ನೋಡಿದೆ, ಎಳೆಗಳಿರಲಿಲ್ಲ. ಕತ್ತರಿಸಿದ ಚೂರನ್ನು ಎಂದಿನಂತೆ ಬಸಲಿಂಗವ್ವನ ಮುಂದೆ ಚಾಚಿದೆ. ಇಷ್ಟು ತಿಂಗಳಲ್ಲಿ ಒಂದು ಚೂರನ್ನೂ ಅವಳು ಬಿಟ್ಟು ಹೋಗಿರಲಿಲ್ಲ. ಅವತ್ತು ಕೈ ಚಾಚಲಿಲ್ಲ.

“ನಿಮ್ಮ ಹಂತ್ಯಾಕ ಇರ್ಲಿ ಬಿಡ್ರಿ” ಎಂದು, ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಅರಿವೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟಳು. “ನಿಮ್ಮದು ನಿಮಗ.”

ಅರಿವೆಗೆ ದೇವರ ಜಗಲಿಯ ವಿಭೂತಿ ಹತ್ತಿತ್ತು. ಬಾಗಿಲಲ್ಲಿ ಇಂದ್ರಾಬಾಯಿ ಕೂಸಿಗೆ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಬಲಗೈಯಿಂದ ಕಲಸಿ ತಿನ್ನಿಸುತ್ತಿದ್ದಳು. ಬಸಲಿಂಗವ್ವ ಹೋಗಿ ಅವಳ ಪಕ್ಕ ಕೂತು, ಅದೇ ಬಟ್ಟಲಿನಿಂದ ಒಂದು ತುತ್ತು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.

ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು, ಪೊಟ್ಟಣ ಮುಷ್ಟಿಯಲ್ಲಿತ್ತು. ಕಿಟಕಿಯಿಂದ ಹೊರಗೆ ಎಸೆದುಬಿಡು, ನೀನು ಡಾಕ್ಟರು ಎಂದು ನನಗೆ ನಾನೇ ಹೇಳಿಕೊಂಡೆ. ಸೊಲ್ಲಾಪುರದವರೆಗೂ ಮುಷ್ಟಿ ಬಿಚ್ಚಲಾಗಲಿಲ್ಲ. ಮನೆಗೆ ಬಂದು ಅವ್ವನ ಕೈಗೆ ಕೊಟ್ಟೆ. ಅವಳು ಬಿಚ್ಚಿ ನೋಡಿ, ಹಿತ್ತಲಿಗೆ ಹೋಗಿ ಹೂಳಿ, ಕೈ ತೊಳೆದುಕೊಂಡು ಬಂದಳು. ಬಂದು, ಆ ಹುಡುಗಿ ಹೆಂಗದಾಳ ಎಂದು ಕೇಳಿದಳು.